ಅವಳಿ ಕರು ಹುಟ್ಟಿದಾಗ ಹಸು ಒಂದನ್ನು ಯಾಕೆ ದೂರ ತಳ್ಳುತ್ತದೆ?

ಹೋದ ತಿಂಗಳು ಬೇಲೂರು ಹತ್ತಿರದ ನಮ್ಮೂರಿನಲ್ಲಿ ಪಕ್ಕದ ಮನೆಯ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಅವಳಿ ಕರು ಹಾಕಿತು. ಒಂದು ಹೋರಿಗರು, ಒಂದು ಹೆಣ್ಣುಗರು. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಬಂದವರ ಬಾಯಲ್ಲೆಲ್ಲ ಅದೇ ಸುದ್ದಿ. ಫೋಟೊ ವಾಟ್ಸ್ಯಾಪ್‌ನಲ್ಲಿ ಓಡಾಡಿತು. ಸಂಜೆ ಹೊತ್ತಿಗೆ ಮಾತು ಬದಲಾಗಿತ್ತು. ಹೋರಿಗರು ಹೊಟ್ಟೆ ತುಂಬಾ ಕುಡಿದು ತಾಯಿಯ ಪಕ್ಕ ಮಲಗಿತ್ತು. ಹೆಣ್ಣುಗರು ಗೋಡೆ ಪಕ್ಕ ನಡುಗುತ್ತಾ ನಿಂತಿತ್ತು. ಹತ್ತಿರ ಬಿಟ್ಟರೆ ಹಸು ತಲೆಯಲ್ಲಿ ಗುದ್ದಿ ನೂಕುತ್ತಿತ್ತು.

"ಇದನ್ನ ಮೂಸಿ ಕೂಡ ನೋಡ್ತಿಲ್ಲ ಕಣಪ್ಪ. ಹೆತ್ತಿದ್ದೇ ಮರ್ತೋಗಿದೆ," ಅಂದರು ಆ ಮನೆಯ ದೊಡ್ಡಮ್ಮ.

ದೊಡ್ಡಮ್ಮನ ಮಾತು ಬೇಸರದ್ದು. ಆದರೆ ಅದರಲ್ಲಿ ದೊಡ್ಡ ಸತ್ಯವೇ ಇದೆ. ಆ ಹಸು ಕರುವನ್ನು ದ್ವೇಷಿಸುತ್ತಿರಲಿಲ್ಲ. ಅದು ತನ್ನದೇ ಕರು ಅಂತ ಹಸುವಿಗೆ ಗೊತ್ತೇ ಆಗಿರಲಿಲ್ಲ. ಯಾಕೆ ಹೀಗಾಗುತ್ತದೆ, ಆಗ ಏನು ಮಾಡಬೇಕು, ಗಂಡು-ಹೆಣ್ಣು ಅವಳಿಯಾದರೆ ಹೆಣ್ಣುಗರುವನ್ನು ಸಾಕುವ ಮೊದಲು ಏನು ತಿಳಿದಿರಬೇಕು ಅನ್ನುವುದನ್ನು ಬುಡದಿಂದ ನೋಡೋಣ.

ಅವಳಿ ಯಾಕೆ ಹುಟ್ಟುತ್ತವೆ

ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಪ್ರತಿ ಬೆದೆಗೆ ಸಾಮಾನ್ಯವಾಗಿ ಒಂದೇ ಅಂಡ ಬಿಡುಗಡೆಯಾಗುತ್ತದೆ. ಅಪರೂಪಕ್ಕೆ ಎರಡು ಬಿಡುಗಡೆಯಾಗಿ, ಎರಡೂ ಫಲಿಸಿದರೆ ಅವಳಿ. ಹಸುಗಳಲ್ಲಿ ಹುಟ್ಟುವ ಅವಳಿಗಳಲ್ಲಿ ಹೆಚ್ಚಿನವು ಇಂಥವೇ. ಒಂದೇ ಅಂಡ ಒಡೆದು ಎರಡಾಗುವ ಪಡಿಯಚ್ಚು ಅವಳಿಗಳು ತೀರಾ ಕಮ್ಮಿ.

ಹಾಲಿಗಾಗಿಯೇ ಬೆಳೆಸಿದ ಎಚ್‌ಎಫ್ ಹಸುಗಳಲ್ಲಿ 100 ಹೆರಿಗೆಗೆ 3ರಿಂದ 5 ಅವಳಿ ಹೆರಿಗೆ ಕಾಣುತ್ತವೆ. ನಮ್ಮ ಮಲೆನಾಡು ಗಿಡ್ಡ, ಹಳ್ಳಿಕಾರ್, ಅಮೃತಮಹಲ್‌ಗಳಂಥ ನಾಟಿ ಹಸುಗಳಲ್ಲಿ ಇದು ಅಪರೂಪ. ಚೊಚ್ಚಲು ಹೆರಿಗೆಯಲ್ಲಿ ಕಮ್ಮಿ, ಮೂರನೇ ನಾಲ್ಕನೇ ಸೂಲಿನ ಹೊತ್ತಿಗೆ ಜಾಸ್ತಿ.

ಹಾಲಿಗೂ ಅವಳಿಗೂ ಏನು ಸಂಬಂಧ ಅಂತೀರಾ? ಅಂಡಾಶಯದಲ್ಲಿ ಹಲವು ಅಂಡಗಳು ಒಟ್ಟಿಗೆ ಬೆಳೆಯಲು ಶುರುಮಾಡುತ್ತವೆ. ಒಂದು ಮುಂದೆ ಹೋದ ಕೂಡಲೇ ರಕ್ತದಲ್ಲಿರುವ ಹಾರ್ಮೋನುಗಳು ಉಳಿದವಕ್ಕೆ "ಸಾಕು, ನಿಲ್ಲಿ" ಎನ್ನುವ ಸೂಚನೆ ಮುಟ್ಟಿಸುತ್ತವೆ. ಜಾಸ್ತಿ ಹಾಲು ಕೊಡುವ ಹಸು ಜಾಸ್ತಿ ತಿನ್ನುತ್ತದೆ. ಜಾಸ್ತಿ ತಿಂದಾಗ ಅದರ ಲಿವರ್‌ಗೆ ಹರಿಯುವ ರಕ್ತವೂ ಜಾಸ್ತಿ. ಅಲ್ಲಿ ಈ ಹಾರ್ಮೋನುಗಳು ಬೇಗ ಕರಗಿಹೋಗುತ್ತವೆ. ತೂತು ಕೊಡಕ್ಕೆ ನೀರು ತುಂಬಿದ ಹಾಗೆ, ಎಷ್ಟು ಸುರಿದರೂ ಮಟ್ಟ ಏರುವುದಿಲ್ಲ. "ನಿಲ್ಲಿ" ಎನ್ನುವ ಸೂಚನೆ ಸೊರಗುತ್ತದೆ. ಎರಡನೇ ಅಂಡವೂ ಬೆಳೆದುಬಿಡುತ್ತದೆ.

ಹಾಗಾಗಿ ಅವಳಿಗೆ ಕಾರಣ ಹೋರಿಯಲ್ಲ, ಇಂಜೆಕ್ಷನ್ ಹಾಕಿದವರೂ ಅಲ್ಲ. ಎರಡು ಸಲ ಕೃತಕ ಗರ್ಭಧಾರಣೆ ಮಾಡಿಸಿದರೆ ಅವಳಿ ಸಿಗುತ್ತದೆ ಅನ್ನುವ ಮಾತು, ಜೋಡಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳಾಗುತ್ತವೆ ಅನ್ನುವ ಮಾತಿನ ಥರದ್ದೇ. ಅಂಡ ಒಂದೇ ಇದ್ದರೆ ಎಷ್ಟು ವೀರ್ಯ ಹಾಕಿದರೂ ಕರು ಒಂದೇ.

ಎರಡನೆಯದು ಒಳಗಿದೆ ಅಂತ ತಿಳಿಯುವುದು ಹೇಗೆ

ಗಬ್ಬವಾಗಿ ಒಂದೂವರೆ ತಿಂಗಳ ಆಸುಪಾಸಿನಲ್ಲಿ ಸ್ಕ್ಯಾನ್ ಮಾಡಿಸಿದರೆ ಅವಳಿ ಗೊತ್ತಾಗುತ್ತದೆ. ನಮ್ಮ ಊರುಗಳಲ್ಲಿ ಹಾಗೆ ಮಾಡಿಸುವವರು ಕಮ್ಮಿ. ಹೆಚ್ಚಿನವರಿಗೆ ತಿಳಿಯುವುದು ಹೆರಿಗೆಯ ದಿನವೇ.

ಹಸುವಿನ ಗರ್ಭದ ಅವಧಿ ಸುಮಾರು 280 ದಿನ. ಅವಳಿಯಾದರೆ ಒಂದು ವಾರ, ಹತ್ತು ದಿನ ಮುಂಚೆಯೇ ಈಯುವುದುಂಟು. ಆದ್ದರಿಂದ ದಿನ ತುಂಬುವ ಮೊದಲೇ ಸಣ್ಣ ಕರು ಬಂತು ಅಂದರೆ, ಒಳಗೆ ಇನ್ನೊಂದು ಇರಬಹುದೇ ಅಂತ ಯೋಚಿಸಬೇಕು. ಕರು ಬಂದ ಮೇಲೂ ಹಸು ತಿಣುಕುತ್ತಿದ್ದರೆ, ಮತ್ತೊಂದು ನೀರಿನ ಚೀಲ ಕಂಡರೆ, ಅನುಮಾನವೇ ಬೇಡ. ಎರಡನೆಯದು ಕೆಲವು ನಿಮಿಷದಲ್ಲೇ ಬರಬಹುದು, ಒಂದೆರಡು ಗಂಟೆಯೂ ಆಗಬಹುದು. ಗಂಟೆ ಕಳೆದರೂ ಮುಂದುವರಿಯದೆ ಹಸು ಸುಸ್ತಾಗುತ್ತಿದ್ದರೆ ವೈದ್ಯರನ್ನು ಕರೆಯಿರಿ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ನಂಬರ್ ಇದೆ.

ಒಂದು ಎಚ್ಚರಿಕೆ. ಕಾಲು ಕಾಣುತ್ತಿದೆ ಅಂತ ಎಳೆಯಲು ಹೋಗಬೇಡಿ. ಅವಳಿಯಲ್ಲಿ ಒಂದರ ಕಾಲು, ಇನ್ನೊಂದರ ತಲೆ ಒಟ್ಟಿಗೆ ಬಾಗಿಲಿಗೆ ಬಂದು ಸಿಕ್ಕಿಕೊಳ್ಳುವುದುಂಟು. ಹಿಂಗಾಲು ಮುಂದಾಗಿ ಬರುವುದೂ ಜಾಸ್ತಿ. ಯಾವ ಕಾಲು ಯಾವ ಕರುವಿನದು ಅಂತ ಒಳಗೆ ಕೈಹಾಕಿ ತಿಳಿದವರೇ ನೋಡಬೇಕು.

ಹಸು ತನ್ನ ಕರುವನ್ನು ಗುರುತಿಸುವುದು ಹೇಗೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಹಸುವಿಗೆ ಲೆಕ್ಕ ಬರುವುದಿಲ್ಲ. "ನಾನು ಎರಡು ಹೆತ್ತೆ" ಅಂತ ಅದು ಎಣಿಸುವುದಿಲ್ಲ. ಅದಕ್ಕೆ ಕರು ಅಂದರೆ ಒಂದು ವಾಸನೆ, ಒಂದು ದನಿ, ನಾಲಿಗೆಗೆ ಸಿಕ್ಕ ಒಂದು ರುಚಿ.

ಕರು ಹೊರಬರುವಾಗ ಹೆರಿಗೆಯ ದಾರಿ ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ ಹಸುವಿನ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿ ಆಕ್ಸಿಟೋಸಿನ್ ಎನ್ನುವ ಹಾರ್ಮೋನು ಬಿಡುಗಡೆಯಾಗುತ್ತದೆ. ಹಸು ಸೊರ ಬಿಡಲು, ಅಂದರೆ ಕೆಚ್ಚಲಿಗೆ ಹಾಲಿಳಿಸಲು ಬೇಕಾದದ್ದೂ ಇದೇ ಹಾರ್ಮೋನು. ಹೆರಿಗೆಯಾದ ಹೊತ್ತಿನಲ್ಲಿ ಇದು ಇನ್ನೊಂದು ಕೆಲಸ ಮಾಡುತ್ತದೆ. ಕರುವಿನ ಮೈಮೇಲಿನ ಲೋಳೆ, ಗರ್ಭದ ನೀರು ಹಸುವಿಗೆ ಇದ್ದಕ್ಕಿದ್ದಂತೆ ಇಷ್ಟವಾಗುತ್ತದೆ. ಬೇರೆ ದಿನಗಳಲ್ಲಿ ಹಸು ಆ ವಾಸನೆಯ ಹತ್ತಿರವೂ ಹೋಗುವುದಿಲ್ಲ. ಈಗ ನೆಕ್ಕಲು ಶುರುಮಾಡುತ್ತದೆ. ನೆಕ್ಕುತ್ತಾ ನೆಕ್ಕುತ್ತಾ ಆ ಕರುವಿನ ವಾಸನೆ ಮನಸ್ಸಿನಲ್ಲಿ ಅಚ್ಚಾಗುತ್ತದೆ. ಹುಟ್ಟಿದ ತಕ್ಷಣ ಐದು ನಿಮಿಷ ನೆಕ್ಕಲು ಸಿಕ್ಕರೂ ನಂಟು ಕೂಡಬಲ್ಲದು. ಆದರೆ ಈ ಬಾಗಿಲು ಬಹಳ ಹೊತ್ತು ತೆರೆದಿರುವುದಿಲ್ಲ. ಕೆಲವು ಗಂಟೆ ಕಳೆದರೆ ನೆಕ್ಕದ ಕರು ಹಸುವಿನ ಪಾಲಿಗೆ ಬೇರೆ ಯಾರದೋ ಕರು. ಬೇರೆಯವರ ಕರು ಕೆಚ್ಚಲಿಗೆ ಬಾಯಿ ಹಾಕಿದರೆ ಒದೆಯುವುದು ಹಸುವಿನ ಗುಣ. ತನ್ನ ಕರುವಿಗೆ ಹಾಲು ಉಳಿಸುವ ದಾರಿ ಅದು.

ಅವಳಿಯಲ್ಲಿ ಎಡವಟ್ಟಾಗುವುದು ಇಲ್ಲೇ. ಮೊದಲ ಕರು ಹುಟ್ಟಿತು, ಹಸು ನೆಕ್ಕಲು ಶುರುಮಾಡಿತು ಅಂದುಕೊಳ್ಳಿ. ಅಷ್ಟರಲ್ಲಿ ಮತ್ತೆ ನೋವು. ಎದ್ದು ತಿರುಗಿ ಇನ್ನೊಂದು ಕಡೆ ಮಲಗುತ್ತದೆ. ಎರಡನೆಯದು ಬಂದ ಮೇಲೆ ಅದರ ಗಮನವೆಲ್ಲ ಎದುರಿಗಿರುವ ಒದ್ದೆ ಕರುವಿನ ಮೇಲೆ. ಮೊದಲನೆಯದು ಅರ್ಧ ನೆಕ್ಕಿಸಿಕೊಂಡು ಮೂಲೆಯಲ್ಲಿ ಉಳಿಯಿತು. ಕೆಲವು ಸಲ ಇದು ತಿರುಗಾಮುರುಗಾ. ಮೊದಲ ಕರುವಿನ ಜೊತೆ ನಂಟು ಗಟ್ಟಿಯಾಗಿಬಿಟ್ಟಿರುತ್ತದೆ. ಎರಡನೆಯದು ಬರುವ ಹೊತ್ತಿಗೆ ಹಸು ಸುಸ್ತಾಗಿ ಎದ್ದೇಳುವುದೇ ಇಲ್ಲ. ಅಷ್ಟರಲ್ಲಿ ಮನೆಯವರು ಕಾಳಜಿಯಿಂದಲೇ ಆ ಕರುವನ್ನು ಗೋಣಿಚೀಲದಲ್ಲಿ ಒರೆಸಿ, ಬೆಚ್ಚಗಿರಲಿ ಅಂತ ಅಡುಗೆಮನೆ ಒಲೆ ಹತ್ತಿರ ಒಯ್ದಿರುತ್ತಾರೆ. ಒರೆಸಿದ್ದು ಲೋಳೆಯನ್ನಷ್ಟೇ ಅಲ್ಲ, ಗುರುತನ್ನೂ ಒರೆಸಿದ ಹಾಗಾಯಿತು. ಪಕ್ಕದ ಮನೆಯಲ್ಲಿ ಆಗಿದ್ದೂ ಇದೇ.

ಕಾವಲಿನಲ್ಲೋ ಕಾಫಿ ತೋಟದ ಅಂಚಿನಲ್ಲೋ ಮೇಯುವಾಗ ಈದ ಹಸುವಿನದು ಇನ್ನೂ ಕಷ್ಟ. ಕರುಗಳು ಮೊದಲ ದಿನಗಳಲ್ಲಿ ಪೊದೆ ಮರೆಯಲ್ಲಿ ಅಲ್ಲಾಡದೆ ಮಲಗುತ್ತವೆ. ಎರಡು ಬೇರೆ ಬೇರೆ ಕಡೆ ಮಲಗಿದರೆ ಹಸು ಒಂದನ್ನೇ ಕರೆದುಕೊಂಡು ಮಂದೆ ಸೇರುತ್ತದೆ. ಇನ್ನೊಂದನ್ನು ಬೇಕಂತಲೇ ಬಿಟ್ಟು ಬಂತು ಅಂತ ಹೇಳುವುದು ಸರಿಯಲ್ಲ. ಜೊತೆಗೆ ಒಂದು ಕರು ಇದೆ, ಹಸುವಿನ ಪಾಲಿಗೆ ಎಲ್ಲ ಸರಿಯಾಗಿದೆ.

ತಳ್ಳುತ್ತಿದೆಯೋ, ನೋವಿನಿಂದ ಒದೆಯುತ್ತಿದೆಯೋ

ಇವೆರಡನ್ನೂ ಬೇರೆ ಮಾಡಿ ನೋಡಬೇಕು. ಹಸು ಕರುವನ್ನು ನೆಕ್ಕುತ್ತದೆ, ಕೂಗಿ ಕರೆಯುತ್ತದೆ, ಆದರೆ ಮೊಲೆಗೆ ಬಾಯಿ ಹಾಕಿದ ಕೂಡಲೇ ಒದೆಯುತ್ತದೆ. ಆಗ ತೊಂದರೆ ಕೆಚ್ಚಲಿನಲ್ಲಿ. ಚೊಚ್ಚಲು ಹಸುವಿನಲ್ಲಿ ಕೆಚ್ಚಲು ಬಾತು ಬಿಗಿದಿರುತ್ತದೆ. ಮುಟ್ಟಿದರೆ ನೋವು. ಕೆಚ್ಚಲು ಬಾವೂ ಇರಬಹುದು. ಮೊದಲು ಕೈಯಲ್ಲಿ ಮೆಲ್ಲಗೆ ಸ್ವಲ್ಪ ಹಿಂಡಿ ನೋಡಿ. ಹಾಲು ಗಡ್ಡೆಗಡ್ಡೆಯಾಗಿದ್ದರೆ ವೈದ್ಯರಿಗೆ ಹೇಳಿ.

ಇನ್ನು ಕೆಲವು ಹಸುಗಳು ಯಾವ ಕರುವನ್ನೂ ನೋಡುವುದಿಲ್ಲ. ಮಲಗಿದಲ್ಲೇ ಕುತ್ತಿಗೆ ಪಕ್ಕಕ್ಕೆ ತಿರುಗಿಸಿಕೊಂಡಿರುತ್ತವೆ. ಕಿವಿ ಮುಟ್ಟಿದರೆ ತಣ್ಣಗೆ. ಇದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಾಗ ಬರುವ ಹಾಲುಜ್ವರ. ಹೆಸರಿನಲ್ಲಿ ಜ್ವರ ಇದ್ದರೂ ಮೈ ತಣ್ಣಗಿರುತ್ತದೆ. ತಡಮಾಡಿದರೆ ಹಸುವೇ ಉಳಿಯುವುದಿಲ್ಲ. ಕರುವಿನ ಮಾತು ಆಮೇಲೆ, ಮೊದಲು ವೈದ್ಯರು.

ನಾಯಿ, ಜನ, ಮೊಬೈಲ್ ಟಾರ್ಚ್ ಬೆಳಕು ಇವೂ ಹಸುವಿನ ಗಮನ ಕೆಡಿಸುತ್ತವೆ. ಹೆದರಿದ ಹಸು ನೆಕ್ಕುವುದು ಬಿಟ್ಟು ಕಾಯಲು ನಿಲ್ಲುತ್ತದೆ. ಅವಳಿ ಹುಟ್ಟಿತು ಅಂತ ಊರೆಲ್ಲ ನೋಡಲು ಬರುವುದು ಸಹಜ. ಆದರೆ ಆ ಮೊದಲ ಎರಡು ಗಂಟೆ ಕೊಟ್ಟಿಗೆಯಲ್ಲಿ ಒಬ್ಬರೇ ಇದ್ದರೆ ಒಳ್ಳೆಯದು, ಅದೂ ಹಸುವಿಗೆ ಪರಿಚಯ ಇರುವವರು.

ಮತ್ತೆ ಕೂಡಿಸುವ ಬಗೆ

ಹೆರಿಗೆಯ ಹೊತ್ತಿಗೆ ನೀವು ಅಲ್ಲೇ ಇದ್ದರೆ ಕೆಲಸ ಸುಲಭ. ಕರುವಿನ ಮೂಗು ಬಾಯಿಯ ಲೋಳೆ ಮಾತ್ರ ತೆಗೆಯಿರಿ. ಮೈ ಒರೆಸಬೇಡಿ. ಮೊದಲ ಕರುವನ್ನು ಹಸುವಿನ ತಲೆಯ ಹತ್ತಿರವೇ, ತುಳಿತಕ್ಕೆ ಸಿಗದ ಹಾಗೆ ಮಲಗಿಸಿ. ಎರಡನೆಯದು ಬಂದ ಕೂಡಲೇ ಅದನ್ನೂ ಮೊದಲನೆಯದಕ್ಕೆ ಒತ್ತಿ, ಹಸುವಿನ ಮೂಗಿನ ಮುಂದೆ ಇಡಿ. ಹಸುವಿಗೆ ಎರಡೂ ಒಂದೇ ಕರು ಅನ್ನಿಸುವಷ್ಟು ಹತ್ತಿರ ಇರಬೇಕು.

ಒಂದನ್ನು ನೆಕ್ಕಿ ಇನ್ನೊಂದನ್ನು ಬಿಟ್ಟರೆ, ನೆಕ್ಕಿಸಿಕೊಂಡ ಕರುವಿನ ಮೈಮೇಲಿನ ಲೋಳೆಯನ್ನೋ, ಹಸುವಿನಿಂದ ಇಳಿಯುವ ಗರ್ಭದ ನೀರನ್ನೋ ಬಿಟ್ಟ ಕರುವಿನ ಬೆನ್ನಿಗೆ, ಬಾಲದ ಬುಡಕ್ಕೆ ಸವರಿ. ಹಾಲು ಕುಡಿಯುವ ಕರುವನ್ನು ಹಸು ಮೂಸಿ ನೋಡುವುದು ಬಾಲದ ಬುಡದಲ್ಲೇ. ಬೆನ್ನಿಗೆ ಸ್ವಲ್ಪ ಉಪ್ಪು ಅಥವಾ ಬೂಸಾ ಉದುರಿಸುವ ಹಳೆಯ ಪದ್ಧತಿಗೂ ಅರ್ಥ ಇದೆ. ಉಪ್ಪಿನ ಆಸೆಗೆ ನೆಕ್ಕಿದರೂ ನೆಕ್ಕಿದ್ದು ನೆಕ್ಕಿದ್ದೇ.

ಒಂದು ದಿನ ಕಳೆದುಹೋಗಿದ್ದರೆ ತಾಳ್ಮೆ ಬೇಕು. ಹಸುವನ್ನು ಗೊಂತಿಗೆ ಗಿಡ್ಡ ಹಗ್ಗದಲ್ಲಿ ಕಟ್ಟಿ, ಮುಂದೆ ಹಿಂಡಿ ಬೂಸಾ ಇಡಿ. ಒಪ್ಪಿದ ಕರುವನ್ನು ಒಂದು ಪಕ್ಕ, ಒಪ್ಪದ ಕರುವನ್ನು ಇನ್ನೊಂದು ಪಕ್ಕ ಒಟ್ಟಿಗೆ ಬಿಡಿ. ತನ್ನ ಕರು ಕುಡಿಯುತ್ತಿದೆ ಅಂತ ಹಸು ಸೊರ ಬಿಡುತ್ತದೆ. ಆಗ ಇನ್ನೊಂದಕ್ಕೂ ಸಿಗುತ್ತದೆ. ಒದೆಯುವ ಹಸುವಾದರೆ ಹಿಂಗಾಲಿಗೆ ಹಗ್ಗ ಹಾಕಿ, ಒಬ್ಬರು ಪಕ್ಕದಲ್ಲಿ ನಿಲ್ಲಿ. ದಿನಕ್ಕೆ ಮೂರ್ನಾಲ್ಕು ಸಲ ಹೀಗೆ ಮಾಡಿ. ತಾಯಿಯ ಹಾಲೇ ಕುಡಿದ ಕರುವಿಗೆ ಬರಬರುತ್ತಾ ತಾಯಿಗೆ ಪರಿಚಯದ ವಾಸನೆ ಬರುತ್ತದೆ. ಹಸುವಿಗೆ ಹೊಡೆಯಬೇಡಿ. ಆ ಕರು ಹತ್ತಿರ ಬಂದಾಗಲೆಲ್ಲ ಪೆಟ್ಟು ಬೀಳುತ್ತದೆ ಅಂತ ಕಲಿತರೆ ಕೆಲಸ ಕೆಟ್ಟಿತು. ವಾರ, ಹತ್ತು ದಿನ ಮಾಡಿದರೂ ಒಪ್ಪದಿದ್ದರೆ ಕೈಯಲ್ಲೇ ಸಾಕುವುದು ಲೇಸು.

ಗಿಣ್ಣು: ಈ ಸಲ ಪಕ್ಕದ ಮನೆಗೆ ಬೇಡ

ಹಸು ಒಪ್ಪಲಿ ಬಿಡಲಿ, ಕಾಯಲು ಆಗದ ಕೆಲಸ ಒಂದಿದೆ. ಅದು ಗಿಣ್ಣು ಹಾಲು ಕುಡಿಸುವುದು.

ಮನುಷ್ಯರಲ್ಲಿ ರೋಗ ತಡೆಯುವ ಶಕ್ತಿಯ ಒಂದು ಪಾಲು ಹೊಟ್ಟೆಯಲ್ಲಿದ್ದಾಗಲೇ ತಾಯಿಯಿಂದ ಮಗುವಿಗೆ ಹೋಗುತ್ತದೆ. ಹಸುವಿನ ಗರ್ಭದ ಕಸದ (ಮಾಸು, ಅಂದರೆ ಪ್ಲಾಸೆಂಟಾ) ಗೋಡೆ ದಪ್ಪ. ಅದನ್ನು ದಾಟಿ ಆ ಶಕ್ತಿ ಕರುವಿಗೆ ಹೋಗುವುದಿಲ್ಲ. ಅಂದರೆ ಕರು ಹುಟ್ಟುವಾಗ ಬರಿಗೈ. ಆ ಶಕ್ತಿಯೆಲ್ಲ ತುಂಬಿರುವುದು ಗಿಣ್ಣಿನಲ್ಲಿ. ಕರುವಿನ ಕರುಳು ಅದನ್ನು ಹಾಗೇ ಹೀರಿಕೊಳ್ಳುವುದು ಮೊದಲ ಕೆಲವು ಗಂಟೆ ಮಾತ್ರ. ಗಂಟೆ ಕಳೆದಂತೆ ಬಾಗಿಲು ಮುಚ್ಚುತ್ತಾ ಬಂದು, ಸುಮಾರು 24 ಗಂಟೆಗೆ ಪೂರ್ತಿ ಮುಚ್ಚುತ್ತದೆ. ಆಮೇಲೆ ಕೊಟ್ಟ ಗಿಣ್ಣು ಒಳ್ಳೆಯ ಆಹಾರ ಅಷ್ಟೇ.

ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಸಲ ಕುಡಿಸಿ. ಮೊದಲ ಅರ್ಧ ದಿನದಲ್ಲಿ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟಾದರೂ ಒಳಗೆ ಹೋಗಬೇಕು. 20 ಕೆ.ಜಿ. ಕರುವಿಗೆ 2 ಲೀಟರ್. ಅವಳಿಗಳಿಗೆ ಎಷ್ಟು ಸಿಕ್ಕಿತು ಅಂತ ಕಣ್ಣಳತೆಯಲ್ಲಿ ಹೇಳಲಾಗದು. ಗಟ್ಟಿಯಿರುವ ಕರು ಎರಡರ ಪಾಲನ್ನೂ ಕುಡಿದುಬಿಡುತ್ತದೆ. ಆದ್ದರಿಂದ ಹಿಂಡಿ, ಅಳೆದು, ಬೇರೆ ಬೇರೆಯಾಗಿ ಕುಡಿಸುವುದೇ ಸರಿ.

ನಮ್ಮಲ್ಲಿ ಹಸು ಈದರೆ ಅಕ್ಕಪಕ್ಕದ ಮನೆಗೆ ಗಿಣ್ಣು ಕೊಡುವುದು ಪದ್ಧತಿ. ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು ಯಾರಿಗೆ ಬೇಡ? ಆದರೆ ಅವಳಿ ಹುಟ್ಟಿದ ಮನೆಯಲ್ಲಿ ಮೊದಲ ದಿನದ ಗಿಣ್ಣು ಎರಡು ಕರುಗಳಿಗೇ ಬೇಕು. ಮಿಕ್ಕರೆ ಸ್ವಚ್ಛ ಬಾಟಲಿಯಲ್ಲಿ ಫ್ರೀಜರ್‌ನಲ್ಲಿಡಿ. ತಿಂಗಳುಗಟ್ಟಲೆ ಇಡಬಹುದು, ಊರಿನಲ್ಲಿ ಇನ್ಯಾರದೋ ಕರುವಿಗೆ ಆದೀತು. ಕುಡಿಸುವಾಗ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿ. ಒಲೆ ಮೇಲೆ ಇಡಬೇಡಿ. ಗಿಣ್ಣು ಕಾಯಿಸಿದರೆ ಗಟ್ಟಿಯಾಗುತ್ತದೆ ಅಲ್ವಾ? ಹಾಗೆ ಗಟ್ಟಿಯಾಗುವ ಪ್ರೋಟೀನಿನಲ್ಲೇ ರೋಗ ತಡೆಯುವ ಅಂಶವೂ ಇದೆ. ನಮಗೆ ಸಿಹಿ, ಕರುವಿಗೆ ನಷ್ಟ.

ಕೈಯಲ್ಲಿ ಸಾಕುವಾಗ

ಬಾಟಲಿಯಾದರೆ ಕರು ನಿಂತು ತಲೆ ಎತ್ತಿ ಕುಡಿಯಲಿ. ಬಕೆಟ್ ಆದರೆ ಬೆರಳು ಚೀಪಿಸುತ್ತಾ ಕಲಿಸಿ. ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಸುರಿಯಬೇಡಿ. ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಹಾಲು ಕರುವಿನ ಮೈಬಿಸಿಯಷ್ಟು, ಅಂದರೆ 38-39 ಡಿಗ್ರಿ ಇರಲಿ. ಅವಳಿ ಕರುಗಳು ಚಿಕ್ಕವು, ಹೊಟ್ಟೆಯೂ ಚಿಕ್ಕದು. ಒಂದೇ ಸಲ ಜಾಸ್ತಿ ಕೊಟ್ಟರೆ ಭೇದಿ ಹಿಡಿಯುತ್ತದೆ. ದಿನಕ್ಕೆ ಮೂರು ಸಲ ಹಂಚಿ ಕೊಡಿ. ಹೊಕ್ಕುಳಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಲು ಮರೆಯಬೇಡಿ.

ಮೂಡಿಗೆರೆ, ಸಕಲೇಶಪುರ ಕಡೆಯ ಮಳೆಗಾಲದಲ್ಲಿ ಹಾಲಿನಷ್ಟೇ ಮುಖ್ಯ ಬೆಚ್ಚಗಿರುವ ನೆಲ. ಒಣ ಹುಲ್ಲು ದಪ್ಪಗೆ ಹಾಸಿ, ಇರುಚಲು ಬಾರದ ಮೂಲೆ ನೋಡಿ, ಮೈಮೇಲೆ ಗೋಣಿ ಕಟ್ಟಿ. ತಾಯಿ ನೆಕ್ಕಿದ್ದರೆ ಆ ಉಜ್ಜುವಿಕೆಯಿಂದಲೇ ಕರುವಿನ ಮೈ ಬಿಸಿಯಾಗುತ್ತಿತ್ತು. ನೆಕ್ಕದ ಕರುವಿಗೆ ಆ ಬಿಸಿ ನಾವೇ ಕೊಡಬೇಕು.

ಒಂದು ಗಂಡು, ಒಂದು ಹೆಣ್ಣು ಆದರೆ

ಇದನ್ನು ನಮ್ಮ ಮನೆಯ ಅನುಭವದಿಂದಲೇ ಹೇಳುತ್ತೇನೆ. ಹಿಂದೆ ನಮ್ಮಲ್ಲೂ ಹೀಗೆ ಅವಳಿ ಹುಟ್ಟಿತ್ತು. ಹೋರಿಗರು ಮಾರಿದೆವು. ಹೆಣ್ಣುಗರುವನ್ನು ಆಸೆಯಿಂದ ಬೆಳೆಸಿದೆವು. ಎರಡೂವರೆ ವರ್ಷ ಕಾದರೂ ಬೆದೆಗೆ ಬರಲಿಲ್ಲ. ಆಮೇಲೆ ತಪಾಸಣೆ ಮಾಡಿಸಿದಾಗ ಗರ್ಭಕೋಶವೇ ಸರಿಯಾಗಿ ಬೆಳೆದಿಲ್ಲ ಅಂತ ಗೊತ್ತಾಯಿತು. ಹುಟ್ಟಿದ ತಿಂಗಳಲ್ಲೇ ತಿಳಿಯಬಹುದಾಗಿದ್ದ ವಿಷಯ ಅದು.

ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರುಗಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಗೊಡ್ಡು. ಇಂಥ ಕರುವಿಗೆ ಫ್ರೀಮಾರ್ಟಿನ್ ಅಂತ ಹೆಸರು. ಕಾರಣ ಇರುವುದು ಗರ್ಭದಲ್ಲಿ. ಅಕ್ಕಪಕ್ಕದ ಎರಡು ಗದ್ದೆಗೆ ಒಂದೇ ಕಾಲುವೆ ಇದೆ ಅಂದುಕೊಳ್ಳಿ. ಒಂದು ಗದ್ದೆಗೆ ಹಾಕಿದ ಔಷಧಿ ಇನ್ನೊಂದಕ್ಕೂ ಹರಿಯುತ್ತದೆ. ಹಸುವಿನಲ್ಲಿ ಅವಳಿಗಳ ಕಸದ ರಕ್ತನಾಳಗಳು ಬಹಳ ಬೇಗ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಗಂಡು ಭ್ರೂಣದ ಬೀಜ ಮೊದಲು ಬೆಳೆಯುತ್ತದೆ. ಅದು ತನ್ನೊಳಗೆ ಗರ್ಭಕೋಶ ಬೆಳೆಯದಂತೆ ತಡೆಯಲು ಒಂದು ಹಾರ್ಮೋನು ಬಿಡುತ್ತದೆ. ಅದು ರಕ್ತದ ಜೊತೆ ಹೆಣ್ಣು ಭ್ರೂಣಕ್ಕೂ ಹರಿದು, ಅದರ ಗರ್ಭಕೋಶವನ್ನೂ ಅಂಡಾಶಯವನ್ನೂ ಮೊಳಕೆಯಲ್ಲೇ ತಡೆಯುತ್ತದೆ. ಹೋರಿಗರುವಿಗೆ ಹೆಚ್ಚಾಗಿ ಏನೂ ಆಗುವುದಿಲ್ಲ. ಎರಡೂ ಹೆಣ್ಣಾದರೂ ತೊಂದರೆ ಇಲ್ಲ.

ಮನುಷ್ಯರಲ್ಲಿ ಗಂಡು-ಹೆಣ್ಣು ಅವಳಿಗಳಿಗೆ ಹೀಗಾಗುತ್ತದೆಯೇ ಅಂತ ಯಾರಾದರೂ ಕೇಳಿದರೆ, ಇಲ್ಲ ಅನ್ನಿ. ಅವರಲ್ಲಿ ಸಾಮಾನ್ಯವಾಗಿ ರಕ್ತನಾಳಗಳು ಹೀಗೆ ಕೂಡಿಕೊಳ್ಳುವುದಿಲ್ಲ.

ಈ ಗುಟ್ಟನ್ನು ಬಿಡಿಸಿದ್ದು ಅಮೆರಿಕದ ವಿಜ್ಞಾನಿ ಫ್ರಾಂಕ್ ಲಿಲ್ಲಿ, 1916ರಲ್ಲಿ. 1945ರಲ್ಲಿ ಇನ್ನೊಬ್ಬ ವಿಜ್ಞಾನಿ ರೇ ಓವೆನ್ ಅವಳಿ ಕರುಗಳ ರಕ್ತ ಪರೀಕ್ಷಿಸಿ, ಒಂದರ ಮೈಯಲ್ಲಿ ಇನ್ನೊಂದರ ರಕ್ತಕಣಗಳು ಬೆಳೆದ ಮೇಲೂ ಜೊತೆಯಾಗಿ ಇರುವುದನ್ನು ತೋರಿಸಿದರು. ಬೇರೆಯವರ ಕಣಗಳನ್ನು ದೇಹ ಯಾಕೆ ಹೊರಹಾಕಲಿಲ್ಲ ಅನ್ನುವ ಪ್ರಶ್ನೆ ಹುಟ್ಟಿದ್ದು ಅಲ್ಲಿ. ಹೊರಗಿನ ಕಣಗಳನ್ನು ದೇಹ ಒಪ್ಪಿಕೊಳ್ಳಲು ಕಲಿಯುವುದು ಹೇಗೆ ಅನ್ನುವುದರ ಬಗ್ಗೆ ವಿಜ್ಞಾನಿಗಳಾದ ಬರ್ನೆಟ್ ಮತ್ತು ಮೆಡವಾರ್ ಅವರಿಗೆ 1960ರಲ್ಲಿ ನೊಬೆಲ್ ತಂದ ಕೆಲಸಕ್ಕೆ ಈ ಕರುಗಳೂ ದಾರಿ ತೋರಿಸಿದ್ದವು. ಇವತ್ತಿನ ಅಂಗಾಂಗ ಕಸಿಯ ತಿಳಿವಳಿಕೆಯ ಹಿಂದೆ ಯಾವುದೋ ಕೊಟ್ಟಿಗೆಯ ಅವಳಿ ಕರುಗಳಿವೆ ಅಂತ ನೆನೆದರೆ ನನಗೆ ಖುಷಿಯಾಗುತ್ತದೆ.

ಪರೀಕ್ಷೆ ಕಷ್ಟದ್ದಲ್ಲ. ಕರುವಿಗೆ ಒಂದು ತಿಂಗಳು ಆಗುವುದರೊಳಗೆ ವೈದ್ಯರು ಮೊಂಡು ತುದಿಯ ಸಣ್ಣ ಕೊಳವೆಯಿಂದ ಯೋನಿಯ ಉದ್ದ ಅಳೆಯುತ್ತಾರೆ. ಸರಿಯಾದ ಕರುವಿನಲ್ಲಿ ಅದು 12ರಿಂದ 15 ಸೆಂ.ಮೀ. ಹೋಗುತ್ತದೆ. ಗೊಡ್ಡಾದರೆ 5ರಿಂದ 8 ಸೆಂ.ಮೀ.ಗೆ ನಿಲ್ಲುತ್ತದೆ. ಅನುಮಾನ ಉಳಿದರೆ ರಕ್ತ ಪರೀಕ್ಷೆ ಇದೆ. ಇದನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ, ಒಳಗೆ ಗಾಯವಾಗುತ್ತದೆ.

ಬಾಣಂತಿ ಹಸುವಿನ ಕಡೆಗೂ ನೋಡಿ

ಎರಡು ಕರುಗಳ ಗಡಿಬಿಡಿಯಲ್ಲಿ ಹಸು ಮರೆತುಹೋಗುತ್ತದೆ. ಅವಳಿ ಹೆತ್ತ ಹಸುವಿಗೆ ಕಸ ಬೀಳದೆ ಉಳಿಯುವ ಸಂಭವ ಜಾಸ್ತಿ. 12 ಗಂಟೆ ಕಳೆದರೂ ಬೀಳದಿದ್ದರೆ ವೈದ್ಯರಿಗೆ ತಿಳಿಸಿ. ಕೈಯಿಂದ ಎಳೆಯುವುದು, ಕಲ್ಲು ಕಟ್ಟಿ ಬಿಡುವುದು ಎರಡೂ ಅಪಾಯ. ಮೇವು ಬಿಟ್ಟು, ಹಾಲು ಇಳಿದು, ಉಸಿರಿನಲ್ಲಿ ಸಿಹಿ ವಾಸನೆ ಬಂದರೆ, ಮೈಯ ಕೊಬ್ಬು ಅತಿಯಾಗಿ ಕರಗಿದಾಗ ಬರುವ ಕೀಟೋಸಿಸ್ ಇರಬಹುದು. ಎರಡು ಕರು ಹೊತ್ತ ಹಸು ಮೈಯ ಕೊಬ್ಬು ಕರಗಿಸಿಕೊಂಡು ಬಂದಿರುತ್ತದೆ. ಮುಂದಿನ ಬೆದೆಯೂ ತಡವಾಗಬಹುದು. ಒಮ್ಮೆ ಅವಳಿ ಹಾಕಿದ ಹಸು ಮತ್ತೆ ಅವಳಿ ಹಾಕುವ ಸಂಭವ ಉಳಿದವಕ್ಕಿಂತ ಹೆಚ್ಚು. ಹಾಗಾಗಿ ಮುಂದಿನ ಗಬ್ಬದಲ್ಲಿ ಸ್ಕ್ಯಾನ್ ಮಾಡಿಸಿ. ಅವಳಿ ಅಂತ ಮೊದಲೇ ಗೊತ್ತಾದರೆ ಕೊನೆಯ ಎರಡು ತಿಂಗಳು ಮೇವು ಜಾಸ್ತಿ ಮಾಡಬಹುದು.

ಪಕ್ಕದ ಮನೆಯ ಹಸು ಒಂಬತ್ತನೇ ದಿನ ಹೆಣ್ಣುಗರುವಿನ ಬಾಲದ ಬುಡ ಮೂಸಿ, ಎರಡು ಸಲ ನೆಕ್ಕಿತು. ಮಾರನೇ ದಿನ ಹಗ್ಗ ಇಲ್ಲದೆಯೇ ಕುಡಿಯಲು ಬಿಟ್ಟಿತು. ಈಗ ಎರಡೂ ಒಂದೊಂದು ಪಕ್ಕ ನಿಂತು ಕುಡಿಯುತ್ತವೆ. ಹೆಣ್ಣುಗರುವನ್ನು ಅಳೆದು ನೋಡಲು ಡಾಕ್ಟ್ರು ಬರುವ ಗುರುವಾರ ಬರುತ್ತಾರೆ.